ಓದಿದ ಕಥೆ, ನೋಡಿದ ಚಿತ್ರ, ಆಡಿದ ಮಾತು

ಗಂಡಹೆಂಡಿರು ದಿನವೊಂದಕ್ಕೆ ಎಷ್ಟು ಮಾತನಾಡುತ್ತಾರೆಂದು ಯಾರೂ ಲೆಕ್ಕವಿಟ್ಟಿರಲಾರರು. ಆದರೆ ಯಾವುದನ್ನು ಕುರಿತು ಮಾತನಾಡುತ್ತಾರೆಂಬುದನ್ನು ಎಲ್ಲರೂ ಬಲ್ಲರು. ಮಳೆ ಬಂದೀತೇ, ಕೊಳವೆಬಾವಿಯಲ್ಲಿ ನೀರು ಎಷ್ಟಿದೆ, ಡೈರಿಯಿಂದ ಹಾಲಿನ ದುಡ್ಡು ಬಂದಿತೇ, ಮಗನ ಶಾಲೆಯ ಶುಲ್ಕ ಕಟ್ಟಿದ್ದಾಯಿತೇ, ಮುಂದಿನ ವಾರದ ಮದುವೆಗೆ ಯಾರು ಹೋಗಬೇಕು, ಮುಯ್ಯಿ ಎಷ್ಟು ಮಾಡಬೇಕು. ಸಂಸಾರದ ಬಂಡಿ ಸಾಗಲು ಈ ಮಾತುಗಳೆಲ್ಲ ಬೇಕೇ ಬೇಕು. ಇವನ್ನು ಕೀಳೆಂದು ಎಣಿಸಲಾಗದು. ಆದರೂ ಇಪ್ಪತ್ತು ವರ್ಷ ಒಂದೇ ಸೂರಿನಡಿ ಬಾಳಿದ ದಂಪತಿಗಳು, ಲೋಕದಲ್ಲಿ ಯಾವುದು ನ್ಯಾಯ, ಯಾವುದನ್ನು ಕ್ಷಮಿಸಬಹುದು, ಯಾವುದನ್ನು ಸಹಿಸಬಾರದು ಎಂಬ ವಿಚಾರದಲ್ಲಿ ಪರಸ್ಪರರ ಅಭಿಪ್ರಾಯವೇನೆಂದು ಒಮ್ಮೆಯೂ ಕೇಳಿಕೊಳ್ಳದೆ ಇರುವುದುಂಟು. ಕೇಳಲು ಸಂದರ್ಭವೇ ಒದಗಿ ಬಂದಿರುವುದಿಲ್ಲ.

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ, ಎಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ, ಕೆಲವು ಓದುಬಲ್ಲ ದಂಪತಿಗಳು ಈಚೆಗೆ ಒಂದು ಅಭ್ಯಾಸವನ್ನು ರೂಢಿಸಿಕೊಂಡಿರುವುದು ನನ್ನ ಗಮನಕ್ಕೆ ಬಂದಿದೆ. ತಿಂಗಳಿಗೊಂದು ಕಾದಂಬರಿಯನ್ನೋ ಕಥೆಯನ್ನೋ ಇಬ್ಬರೂ ಓದುತ್ತಾರೆ. ಬಳಿಕ ಒಂದು ರಾತ್ರಿ, ಮಕ್ಕಳು ಮಲಗಿದ ಮೇಲೆ, ಅದೇ ಕಥೆಯನ್ನು ಆಧರಿಸಿದ ಚಲನಚಿತ್ರವನ್ನು ಮನೆಯ ದೂರದರ್ಶನದ ಪರದೆಯ ಮೇಲೆ ಒಟ್ಟಿಗೆ ಕುಳಿತು ನೋಡುತ್ತಾರೆ. ಪಟ್ಟಣದ ಯುವಜನರು ಇಂಥ ಸಂಜೆಗೆ ‘ಡೇಟ್ ನೈಟ್’ ಎಂದು ಹೆಸರಿಟ್ಟಿದ್ದಾರಂತೆ. ಹೆಸರು ಹೊರಗಿನಿಂದ ಬಂದುದಾದರೂ ಸಂಗತಿ ಒಳ್ಳೆಯದು. ಇದನ್ನು ಕಂಡು ನಗುವ ಹಿರಿಯರೂ ಉಂಟು: ಮದುವೆಯಾಗಿ ಹತ್ತು ವರ್ಷವಾದ ಮೇಲೆ ಇವರಿಗೆ ಇದೆಂತಹ ಚೆಲ್ಲಾಟವೆಂದು ಕೇಳುತ್ತಾರೆ. ಅವರಿಗಾಗಿಯೇ ಈ ತಿಂಗಳ ಬರಹ.

ಒಂದು ಕಥೆಯನ್ನು ಬೇರೊಂದು ರೂಪದಲ್ಲಿ ಮತ್ತೆ ಹೇಳುವುದು ಕನ್ನಡಿಗರಿಗೆ ಹೊಸದಲ್ಲ. ವ್ಯಾಸರ ಭಾರತವನ್ನು ಪಂಪನು ತನ್ನ ರೀತಿಯಲ್ಲಿ ಹೇಳಿದನು. ಪಂಪನ ಕಾವ್ಯದ ಒಂದು ಆಶ್ವಾಸದಿಂದ ಬೀಜವನ್ನೆತ್ತಿಕೊಂಡು ರನ್ನನು ಗದಾಯುದ್ಧವನ್ನು ಬೆಳೆಸಿದನು. ರಾಘವಾಂಕನು ಹರಿಶ್ಚಂದ್ರನ ಕಥೆಯನ್ನು ಷಟ್ಪದಿಯಲ್ಲಿ ಹಾಡಿದಾಗ, ಗುರುವೂ ಸೋದರಮಾವನೂ ಆದ ಹರಿಹರನು ಮಾನವನ ಚರಿತೆಯನ್ನು ಹಾಡಿದೆಯೆಂದು ಮುನಿದನೆಂಬ ಐತಿಹ್ಯವನ್ನು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ಅದೇ ಕಥೆ ಮುಂದೆ ನಾಟಕ ಕಂಪನಿಗಳ ರಂಗದ ಮೇಲೆ ಬಂದಿತು. 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ ‘ಸತ್ಯ ಹರಿಶ್ಚಂದ್ರ’ ಚಲನಚಿತ್ರವಾಯಿತು. ರಾಜಕುಮಾರರ ಹರಿಶ್ಚಂದ್ರನನ್ನೂ ಪಂಢರೀಬಾಯಿಯವರ ಚಂದ್ರಮತಿಯನ್ನೂ ನೋಡಿ ಕಣ್ಣೀರಿಟ್ಟ ಎಷ್ಟು ಮಂದಿ ರಾಘವಾಂಕನ ಹೆಸರನ್ನು ಕೇಳಿದ್ದರು? ಆದರೂ ಕವಿಯ ಕೆಲಸ ಅವರಲ್ಲಿ ನಡೆದೇ ನಡೆಯಿತು.

ಮಠದಲ್ಲಿ ಕಲಿತ ನಮ್ಮಂಥವರಿಗೆ ಇದನ್ನು ತಿಳಿಯಲು ಸುಲಭವಾದ ಉಪಮೆಯೊಂದಿದೆ. ಗಮಕ ವಾಚನದಲ್ಲಿ ಇಬ್ಬರು ಕೂಡುತ್ತಾರೆ. ಒಬ್ಬರು ಪದ್ಯವನ್ನು ಹಾಡುತ್ತಾರೆ, ಇನ್ನೊಬ್ಬರು ಅದರ ಅರ್ಥವನ್ನು ಬಿಡಿಸಿ ವ್ಯಾಖ್ಯಾನ ಮಾಡುತ್ತಾರೆ. ವ್ಯಾಖ್ಯಾನಕಾರರು ಬದಲಾದರೆ ಅದೇ ಪದ್ಯ ಬೇರೆ ಬೆಳಕಿನಲ್ಲಿ ಕಾಣುತ್ತದೆ. ಕಾದಂಬರಿಯನ್ನು ವಾಚನವೆಂದು ತಿಳಿದರೆ, ಅದನ್ನು ಆಧರಿಸಿದ ಚಿತ್ರ ಒಂದು ವ್ಯಾಖ್ಯಾನ. ಅದನ್ನು ನೋಡಿ ಎದ್ದ ಸತಿಪತಿಗಳು ಆಡುವ ಮಾತು ಎರಡನೆಯ ವ್ಯಾಖ್ಯಾನ. ಮನೆಗೆ ಉಪಯೋಗವಾಗುವುದು ಮುಖ್ಯವಾಗಿ ಅದೇ.

ನಮ್ಮ ಹಿಂದಿನವರಿಗೆ ಈ ಎರಡನೆಯ ವ್ಯಾಖ್ಯಾನಕ್ಕೆ ಎಡೆಯಿರಲಿಲ್ಲ. ಬಯಲುಸೀಮೆಯ ಈ ಊರುಗಳಿಗೆ ಟೂರಿಂಗ್ ಟಾಕೀಸು ಬಂದಾಗ ಗುಡಾರದೊಳಗೆ ಹಲವೆಡೆ ಹೆಂಗಸರಿಗೆ ಒಂದು ಕಡೆ, ಗಂಡಸರಿಗೆ ಇನ್ನೊಂದು ಕಡೆ. ಮರಳಿನ ಮೇಲೆ ಕುಳಿತು, ರೀಲು ಬದಲಾಯಿಸುವಾಗ ಕಡಲೆಕಾಯಿ ತಿಂದು, ಅರ್ಧರಾತ್ರಿಯಲ್ಲಿ ಒಂದೇ ಗಾಡಿಯಲ್ಲಿ ಹದಿನೈದು ಜನ ಊರಿಗೆ ಮರಳುವಾಗ, ಗಂಡನಾದವನು ಹೆಂಡತಿಗೆ ಚಿತ್ರ ಹೇಗಿತ್ತೆಂದು ಕೇಳುವ ರೂಢಿಯಿರಲಿಲ್ಲ. ಪುಸ್ತಕದ ಸ್ಥಿತಿಯೂ ಅಷ್ಟೆ. ತ್ರಿವೇಣಿ, ಎಂ. ಕೆ. ಇಂದಿರಾ, ವಾಣಿಯವರ ಕಾದಂಬರಿಗಳು ಕೈಯಿಂದ ಕೈಗೆ ದಾಟುತ್ತಿದ್ದುದು ಬಹುಮಟ್ಟಿಗೆ ಹೆಂಗಸರ ನಡುವೆ. ‘ಹೆಂಗಸರ ಕಾದಂಬರಿ’ ಎಂದು ಮೂಗು ಮುರಿದ ಗಂಡಸರು ಅವನ್ನು ಮುಟ್ಟುತ್ತಿರಲಿಲ್ಲ. ಹೀಗೆ ಒಂದೇ ಮನೆಯಲ್ಲಿ ಅವಳು ಓದಿದ್ದನ್ನು ಅವನು ಓದಲಿಲ್ಲ, ಅವನು ನೋಡಿದ್ದನ್ನು ಕುರಿತು ಅವಳೊಡನೆ ಮಾತನಾಡಲಿಲ್ಲ.

ಅದೇ ಕಾಲದಲ್ಲಿ ಕನ್ನಡ ಚಿತ್ರರಂಗವಾದರೋ ಕಾದಂಬರಿಯನ್ನು ನೆಚ್ಚಿ ಬೆಳೆಯುತ್ತಿದ್ದಿತು. ಕೃಷ್ಣಮೂರ್ತಿ ಪುರಾಣಿಕರ ‘ಧರ್ಮದೇವತೆ’ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಆಯಿತು. ಕನ್ನಡ ಕಾದಂಬರಿಯಿಂದ ಹುಟ್ಟಿದ ಮೊದಲ ಚಿತ್ರವೆಂದು ಅದನ್ನು ಎಣಿಸುತ್ತಾರೆ. 1967ರಲ್ಲಿ ಪುಟ್ಟಣ್ಣ ಕಣಗಾಲರು ‘ಬೆಳ್ಳಿಮೋಡ’ವನ್ನೂ, 1969ರಲ್ಲಿ ‘ಗೆಜ್ಜೆಪೂಜೆ’ಯನ್ನೂ ತೆರೆಗೆ ತಂದರು. 1970ರ ‘ಸಂಸ್ಕಾರ’, 1975ರ ‘ಚೋಮನ ದುಡಿ’ ಸ್ವರ್ಣಕಮಲವನ್ನು ತಂದವು. ನಮ್ಮ ನೆಲವೂ ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. ಶಿರಾ ತಾಲ್ಲೂಕಿನ ಬರಗೂರಿನಲ್ಲಿ ಹುಟ್ಟಿದ ಬರಗೂರು ರಾಮಚಂದ್ರಪ್ಪನವರು ತಮ್ಮ ಕಾದಂಬರಿಗಳಲ್ಲಿ ಕೆಲವನ್ನು ತಾವೇ ಚಲನಚಿತ್ರಗಳನ್ನಾಗಿಸಿದರು. ಅದೇ ತಾಲ್ಲೂಕಿನ ತರೂರಿನಲ್ಲಿ 1936ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ನಿರ್ದೇಶಕ ಸಿದ್ದಲಿಂಗಯ್ಯನವರು ಟಿ. ಕೆ. ರಾಮರಾಯರ ಕಾದಂಬರಿಯಿಂದ ‘ಬಂಗಾರದ ಮನುಷ್ಯ’ವನ್ನು (1972), ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಬರಹದಿಂದ ‘ಭೂತಯ್ಯನ ಮಗ ಅಯ್ಯು’ವನ್ನು (1974) ಕಟ್ಟಿಕೊಟ್ಟರು.

‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ನಡೆಯಿತೆಂಬುದು ಲೋಕವಿದಿತ. ಕಲ್ಲುಬಂಡೆಯ ಬರಡು ನೆಲವನ್ನು ರಾಜೀವನು ಹೊಲವನ್ನಾಗಿ ಮಾಡುವ ಭಾಗವನ್ನು ಶಿರಾ, ಪಾವಗಡಗಳ ರೈತನು ನೋಡುವ ಬಗೆಯೇ ಬೇರೆ. ನೀರಿಗಾಗಿ ನೆಲವನ್ನು ಬಗೆದು ಬಗೆದು ಸಾಲಗಾರನಾದವನಿಗೆ ಅದು ಕೇವಲ ಕಥೆಯಾಗಿ ತೋರದು. ಆದರೆ ದಂಪತಿಗಳ ಚರ್ಚೆಗೆ ಒದಗುವುದು ಚಿತ್ರದ ಕೊನೆಯ ಭಾಗ. ತೀರಿಕೊಂಡ ಭಾವನ ಗುಟ್ಟೊಂದನ್ನು, ಅಕ್ಕನ ಮನಸ್ಸು ನೋಯದಿರಲೆಂದು, ರಾಜೀವನು ತನ್ನೊಳಗೇ ಇಟ್ಟುಕೊಳ್ಳುತ್ತಾನೆ. ಅದರಿಂದಲೇ ಅವನ ಮೇಲೆ ಅಪವಾದ ಬರುತ್ತದೆ. ತಾನು ಸಾಕಿದ ಅಕ್ಕನ ಮಗನೇ ಊಟದ ಹೊತ್ತಿನಲ್ಲಿ ಕಟುವಾಗಿ ನುಡಿದಾಗ, ಒಂದು ಮಾತನ್ನೂ ವಿವರಿಸದೆ, ಅರ್ಧ ಊಟದಿಂದ ಎದ್ದು ಹೊರಟುಹೋಗುತ್ತಾನೆ.

ಅವನು ಮಾಡಿದ್ದು ಸರಿಯೇ? ಕೊರಟಗೆರೆಯ ಒಂದು ಮನೆಯಲ್ಲಿ ಈ ಪ್ರಶ್ನೆ ಎದ್ದಾಗ ನಾನು ಅಲ್ಲಿದ್ದೆ. ಅಡಕೆ ವ್ಯಾಪಾರ ಮಾಡುವ ಯಜಮಾನರು, “ಗಂಡಸಾದವನು ಹಾಗೆಯೇ ಇರಬೇಕು, ತನ್ನ ತ್ಯಾಗವನ್ನು ಹೇಳಿಕೊಳ್ಳಬಾರದು” ಎಂದರು. ಅವರ ಪತ್ನಿ ಒಲೆಯ ಮುಂದಿನಿಂದಲೇ, “ಹೇಳದೆ ಹೋದರೆ ಉಳಿದವರು ಸಾಯುವ ತನಕ ಕೊರಗಬೇಕಲ್ಲ? ಅಕ್ಕ ಏನು ಮಾಡಬೇಕಿತ್ತು ಹೇಳಿ” ಎಂದು ಕೇಳಿದರು. ಯಜಮಾನರಿಗೆ ಸ್ವಂತದ ಸಾಲದ ವಿಷಯವನ್ನು ಮನೆಯಲ್ಲಿ ಹೇಳದೆ ಮುಚ್ಚಿಡುವ ಅಭ್ಯಾಸವಿದ್ದುದು ಆ ತಾಯಿಗೆ ತಿಳಿದಿತ್ತು. ಅವರು ಅದರ ಹೆಸರೆತ್ತಲಿಲ್ಲ. ರಾಜೀವನ ಮಾತನ್ನಷ್ಟೇ ಆಡಿದರು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೈತೊಳೆಯಲು ಎದ್ದರು. ನೇರವಾಗಿ ಕೇಳಿದ್ದರೆ ಜಗಳವಾಗುತ್ತಿದ್ದ ಪ್ರಶ್ನೆಯೊಂದು ಕಥೆಯ ಮರೆಯಲ್ಲಿ ನಿಂತು ತಾನು ಸೇರಬೇಕಾದಲ್ಲಿಗೆ ಸೇರಿತು.

ಇದಕ್ಕಿಂತ ಆಳವಾದ ಇನ್ನೊಂದು ಸಂಗತಿಯನ್ನು, ಸಂಬಂಧಪಟ್ಟವರ ಒಪ್ಪಿಗೆಯನ್ನು ಪಡೆದು, ಹೆಸರನ್ನು ಬಿಟ್ಟು ಇಲ್ಲಿ ಹೇಳುತ್ತೇನೆ. ಮಧುಗಿರಿಯ ದಂಪತಿಗಳು, ಅವರು ಪ್ರೌಢಶಾಲೆಯ ಉಪಾಧ್ಯಾಯರು, ಆಕೆ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವರು. ಮದುವೆಯಾಗಿ ಹನ್ನೊಂದು ವರ್ಷ, ಇಬ್ಬರು ಮಕ್ಕಳು. ತಿಂಗಳಿಗೊಂದು ಪುಸ್ತಕದ ನಿಯಮವನ್ನು ಹಿಡಿದ ಮೂರನೆಯ ತಿಂಗಳು ಅವರು ತ್ರಿವೇಣಿಯವರ ‘ಶರಪಂಜರ’ವನ್ನು ಆರಿಸಿಕೊಂಡರು. ಪುಟ್ಟಣ್ಣನವರು 1971ರಲ್ಲಿ ಅದನ್ನು ಚಿತ್ರವಾಗಿ ಮಾಡಿದ್ದು, ಕಲ್ಪನಾ ಅವರು ಕಾವೇರಿಯ ಪಾತ್ರವನ್ನು ವಹಿಸಿದ್ದು ಹಿರಿಯ ವಾಚಕರೆಲ್ಲರಿಗೂ ನೆನಪಿರುತ್ತದೆ. ಸುಖಸಂಸಾರದ ಕಾವೇರಿ ಹೆರಿಗೆಯ ತರುವಾಯ ಮನೋವ್ಯಾಧಿಗೆ ತುತ್ತಾಗುತ್ತಾಳೆ. ಚಿಕಿತ್ಸೆಯಿಂದ ಗುಣಹೊಂದಿ ಮನೆಗೆ ಮರಳುತ್ತಾಳೆ. ಆದರೆ ನೆರೆಹೊರೆಯವರ ಕಣ್ಣಿನಲ್ಲಿ ಅವಳು ಹುಚ್ಚಿಯೇ. ಗಂಡ ಸತೀಶನಿಗೂ ಅವಳಲ್ಲಿ ಮೊದಲಿನ ಮನಸ್ಸಿಲ್ಲ, ಅವನು ಬೇರೊಬ್ಬಳನ್ನು ಹಚ್ಚಿಕೊಂಡಿದ್ದಾನೆ. ಅದನ್ನರಿತ ಕಾವೇರಿಯ ಬುದ್ಧಿ ಮತ್ತೆ ಕದಡಿಹೋಗುತ್ತದೆ.

ಚಿತ್ರ ಮುಗಿದಾಗ ಉಪಾಧ್ಯಾಯರು, “ಸತೀಶ ಕೆಟ್ಟವನು, ಅವನಿಂದಲೇ ಎಲ್ಲ ಹಾಳಾಯಿತು” ಎಂದರಂತೆ. ಆಕೆ ಅಂದು ಏನನ್ನೂ ಹೇಳಲಿಲ್ಲ. ಎರಡು ದಿನ ಕಳೆದ ಮೇಲೆ, ಬಟ್ಟೆ ಮಡಿಸುತ್ತ ಕುಳಿತವರು ತಾವಾಗಿಯೇ ಮಾತು ತೆಗೆದರು: “ಅವನು ಬೇರೊಬ್ಬಳ ಹತ್ತಿರ ಹೋದದ್ದು ಆಮೇಲಿನ ವಿಚಾರ ರೀ. ಕಾಯಿಲೆ ವಾಸಿಯಾಗಿ ಬಂದವಳ ಹತ್ತಿರ ಕೂತು ಮಾತಾಡಲಿಕ್ಕೂ ಹಿಂಜರಿದನಲ್ಲ, ನನಗೆ ಅದೇ ತಡೆಯಲಿಲ್ಲ. ದೊಡ್ಡವನು ಹುಟ್ಟಿದಾಗ ನಾನು ತವರಿನಲ್ಲಿ ಏಳು ತಿಂಗಳಿದ್ದೆ. ನಿದ್ದೆ ಇಲ್ಲ, ಮಗುವನ್ನು ಎತ್ತಿಕೊಂಡರೆ ಭಯ, ಸುಮ್ಮಸುಮ್ಮನೆ ಅಳು. ನೀವು ಎರಡೇ ಸಲ ಬಂದಿರಿ. ಬಂದಾಗಲೂ ಜಗಲಿಯ ಮೇಲೆ ಅಪ್ಪನ ಹತ್ತಿರ ಕೂತು ಮಾತಾಡಿ ಹೊರಟುಬಿಟ್ಟಿರಿ.”

ಉಪಾಧ್ಯಾಯರು ಬಹಳ ಹೊತ್ತು ಉತ್ತರ ಕೊಡಲಿಲ್ಲವಂತೆ. ಕೊನೆಗೆ, “ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ. ನಿನ್ನ ಮುಖ ನೋಡಿದರೆ ಹೆದರಿಕೆಯಾಗುತ್ತಿತ್ತು. ಹೆದರಿದೆನೆಂದು ಯಾರ ಹತ್ತಿರ ಹೇಳಲಿ?” ಎಂದರು. ಹನ್ನೊಂದು ವರ್ಷದ ಸಂಸಾರದಲ್ಲಿ ಆ ಏಳು ತಿಂಗಳ ಮಾತು ಎರಡೂ ಕಡೆಯವರ ಬಾಯಲ್ಲಿ ಬಂದದ್ದು ಅದೇ ಮೊದಲು. “ಅವರು ಬೇಕೆಂದೇ ದೂರ ಇದ್ದರು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ ಗುರುಗಳೇ” ಎಂದು ಆಕೆ ನನ್ನೆದುರಿಗೆ ಹೇಳಿದಾಗ, ಪಕ್ಕದಲ್ಲಿ ಕುಳಿತಿದ್ದ ಪತಿ ತಲೆ ತಗ್ಗಿಸಿದ್ದರು. ಬಾಣಂತಿಯರಿಗೆ ಬರುವ ಖಿನ್ನತೆ ಒಂದು ಕಾಯಿಲೆಯೆಂದೂ ಅದಕ್ಕೆ ಚಿಕಿತ್ಸೆಯಿದೆಯೆಂದೂ ಇಂದು ವೈದ್ಯರು ಹೇಳುತ್ತಾರೆ. ಅಂದು ಆ ಮನೆಯಲ್ಲಿ ಅದಕ್ಕೆ ‘ಗಾಳಿ ಸೋಕಿದ್ದು’ ಎಂಬ ಹೆಸರಿತ್ತು. ಈಗ ಅವರ ಮನೆಯಲ್ಲಿ ನೋವೇ ಇಲ್ಲವೆಂದು ನಾನು ಹೇಳಲಾರೆ. ಆ ಏಳು ತಿಂಗಳನ್ನು ಕುರಿತು ಇಬ್ಬರೂ ಮಾತನಾಡಬಲ್ಲರು ಎಂದಷ್ಟೇ ಹೇಳಬಲ್ಲೆ.

ಮನಶ್ಶಾಸ್ತ್ರವನ್ನು ಓದಿದ್ದ ತ್ರಿವೇಣಿಯವರು ಇಂಥ ಮನೆಗಳ ಒಳಗನ್ನು ಚೆನ್ನಾಗಿ ಅರಿತಿದ್ದರು. 1928ರಲ್ಲಿ ಹುಟ್ಟಿದ ಆ ತಾಯಿ 1963ರಲ್ಲಿ, ಹೆಣ್ಣುಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ತಮ್ಮ ಒಂದು ಕಾದಂಬರಿಯೂ ಚಿತ್ರವಾದುದನ್ನು ಅವರು ನೋಡಲಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಮೇಲೆ ಮಧುಗಿರಿಯ ಒಂದು ಮನೆಯಲ್ಲಿ ಅವರ ಕಥೆ ಹೀಗೆ ಕೆಲಸಕ್ಕೆ ಬಂದಿತು.

ಇನ್ನು ಕಾದಂಬರಿಗೂ ಚಿತ್ರಕ್ಕೂ ಇರುವ ಅಂತರದ ವಿಚಾರ. ಪುಸ್ತಕವನ್ನು ಓದಿ ಚಿತ್ರವನ್ನು ನೋಡಿದವರಿಗೆ ಮೊದಲು ಆಗುವುದು ನಿರಾಶೆ. ಇದು ಸಹಜ. ಕಾದಂಬರಿಕಾರನು ಪಾತ್ರದ ಮನಸ್ಸಿನೊಳಗೆ ಹತ್ತು ಪುಟ ತಿರುಗಾಡಬಲ್ಲನು. ನಿರ್ದೇಶಕನಿಗೆ ಇರುವುದು ಎರಡೂವರೆ ಗಂಟೆ, ಅದರಲ್ಲಿ ನಾಲ್ಕೈದು ಹಾಡು. ತ. ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳು ಕೂಡಿ 1972ರಲ್ಲಿ ಒಂದೇ ಚಿತ್ರವಾದವು. ನಮ್ಮ ನೆರೆಯ ಚಿತ್ರದುರ್ಗದ ಕೋಟೆ ಆ ಚಿತ್ರದಿಂದ ಇನ್ನಷ್ಟು ಹೆಸರಾಯಿತು, ಜನ ಮುಗಿಬಿದ್ದು ನೋಡಿದರು. ಮೂಲ ಲೇಖಕರಿಗೆ ಮಾತ್ರ ಸಮಾಧಾನವಾಗಲಿಲ್ಲ. ತಮ್ಮ ನಾಗರಹಾವನ್ನು ಕೇರೆಹಾವನ್ನಾಗಿ ಮಾಡಿದರೆಂದು ಅವರು ಬೇಸರಪಟ್ಟುದನ್ನು ಚಿತ್ರರಸಿಕರು ಇಂದಿಗೂ ಹೇಳುತ್ತಾರೆ. ಲೇಖಕರಿಗೆ ಆ ಬೇಸರದ ಹಕ್ಕಿದೆ. ಓದುಗ ದಂಪತಿಗಳು ಮಾತ್ರ ಚಿತ್ರವನ್ನು ಪರೀಕ್ಷೆಯ ಉತ್ತರಪತ್ರಿಕೆಯಂತೆ ತಿದ್ದುತ್ತ ಕೂರಬಾರದು. ಯಾವುದನ್ನು ಬಿಟ್ಟರು, ಯಾವುದನ್ನು ಸೇರಿಸಿದರು, ಬಿಟ್ಟದ್ದರಿಂದ ನಿನಗೇಕೆ ನೋವಾಯಿತು ಎಂದು ಕೇಳಿಕೊಳ್ಳಬೇಕು. ಪತ್ನಿಗೆ ಪ್ರಿಯವಾದ ಒಂದು ಪ್ರಸಂಗ ಚಿತ್ರದಲ್ಲಿ ಬಾರದೆ ಹೋದುದನ್ನು ಪತಿ ಗಮನಿಸಿಯೇ ಇಲ್ಲವೆಂದಾದರೆ, ಆ ಪ್ರಸಂಗವೇ ಅಂದಿನ ಮಾತಿಗೆ ವಸ್ತುವಾಗಲಿ.

ಈ ಅಭ್ಯಾಸವನ್ನು ಹಿಡಿಯಬಯಸುವವರಿಗೆ ಕೆಲವು ಸೂಚನೆಗಳನ್ನು ಕೊಡಬಹುದು. ಮೊದಲು ಓದು, ಆಮೇಲೆ ನೋಟ. ಚಿತ್ರವನ್ನು ಮೊದಲು ನೋಡಿದರೆ ಓದುವಾಗ ನಟರ ಮುಖಗಳೇ ಎದುರು ಬಂದು ನಮ್ಮ ಕಲ್ಪನೆಗೆ ಎಡೆಯಿರುವುದಿಲ್ಲ. ಪುಸ್ತಕಕ್ಕೆ ಹಣ ಸುರಿಯಬೇಕಾಗಿಲ್ಲ: ತಾಲ್ಲೂಕು ಕೇಂದ್ರದ ಗ್ರಂಥಾಲಯವಿದೆ, ಪಂಚಾಯಿತಿಯ ಗ್ರಂಥಾಲಯವಿದೆ. ದೊಡ್ಡ ಕಾದಂಬರಿಗೆ ಸಮಯವಿಲ್ಲದವರು ಸಣ್ಣ ಕಥೆಯಿಂದ ಆರಂಭಿಸಲಿ. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಎಂಬ ಒಂದೇ ಕಥಾಸಂಕಲನದಿಂದ ನಾಲ್ಕು ಚಿತ್ರಗಳು ಹುಟ್ಟಿವೆ. ಪುಸ್ತಕದ ಹೆಸರಿನದೇ ಒಂದು. ‘ತಬರನ ಕಥೆ’, ‘ಕುಬಿ ಮತ್ತು ಇಯಾಲ’ ಇನ್ನೆರಡು. 2023ರಲ್ಲಿ ಬಂದ ‘ಡೇರ್‌ಡೆವಿಲ್ ಮುಸ್ತಾಫಾ’ ನಾಲ್ಕನೆಯದು. ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ 1986ರ ಸಾಲಿನ ಸ್ವರ್ಣಕಮಲವನ್ನು ಪಡೆಯಿತು. ಪಿಂಚಣಿಯ ಹಣಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರ, ಇತ್ತ ಕಾಲಿನ ಹುಣ್ಣಿನಿಂದ ನರಳುವ ಅವನ ಹೆಂಡತಿ. ಕಥೆಯನ್ನು ಓದಲು ಒಂದು ಸಂಜೆ ಸಾಕು. ಪಾವಗಡದ ಕಡೆ ಮನೆಯಲ್ಲಿ ತೆಲುಗು ಆಡುವ ಕುಟುಂಬಗಳಿವೆ. ಯದ್ದನಪೂಡಿ ಸುಲೋಚನಾರಾಣಿಯವರ ‘ಮೀನಾ’, ‘ಸೆಕ್ರೆಟರಿ’ ಕಾದಂಬರಿಗಳೂ 1970ರ ದಶಕದಲ್ಲಿ ಚಿತ್ರಗಳಾದವು. ಭಾಷೆ ಯಾವುದಾದರೂ ಆಗಲಿ, ಇಬ್ಬರಿಗೂ ತಿಳಿಯುವಂತಿರಬೇಕು.

ಇಬ್ಬರಲ್ಲಿ ಒಬ್ಬರಿಗೆ ಓದುವ ರೂಢಿಯಿಲ್ಲದಿದ್ದರೆ ಇನ್ನೊಬ್ಬರು ಗಟ್ಟಿಯಾಗಿ ಓದಲಿ. ಬಿತ್ತನೆಯ ಕಡಲೆಕಾಯಿ ಸುಲಿಯುವಾಗ, ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವಾಗ ಕೈಗೆ ಕೆಲಸವಿರುತ್ತದೆ, ಕಿವಿಗೆ ಇರುವುದಿಲ್ಲ. ಅಕ್ಷರ ಕಲಿಯದ ಅತ್ತೆಯೂ ಜೊತೆಗೆ ಕೇಳಿಸಿಕೊಳ್ಳುತ್ತಾರೆ; ಮರುದಿನ ಕಾವೇರಿ ಏನಾದಳೆಂದು ಅವರೇ ಕೇಳಿದರೆ ಅಚ್ಚರಿಯಿಲ್ಲ. ಚಿತ್ರ ನೋಡುವಾಗ ಇಬ್ಬರ ಮೊಬೈಲುಗಳೂ ಒಳಕೋಣೆಯಲ್ಲಿರಲಿ. ಚರ್ಚೆಯಲ್ಲಿ ಗೆಲ್ಲಬೇಕೆಂಬ ಹಟ ಬೇಡ. ಕಥೆಯ ಪಾತ್ರವನ್ನು ತೋರಿಸಿ “ನೀನೂ ಹೀಗೆಯೇ” ಎಂದು ಚುಚ್ಚುವುದಂತೂ ಸರ್ವಥಾ ಬೇಡ. ಹಾಗೆ ಒಮ್ಮೆ ಚುಚ್ಚಿದರೆ ಮುಂದಿನ ತಿಂಗಳು ಪುಸ್ತಕವನ್ನು ಯಾರೂ ತೆರೆಯಲಾರರು. ಕೊರಟಗೆರೆಯ ಆ ತಾಯಿ ಸಾಲದ ಹೆಸರೆತ್ತದೆ ಇದ್ದುದನ್ನು ಇಲ್ಲಿ ನೆನೆಯಬೇಕು.

ಹಿರಿಯರಿಗೆ ಒಂದು ಮಾತು. ಕೂಡುಕುಟುಂಬದ ಮನೆಯಲ್ಲಿ ಮಗಸೊಸೆಯರು ಕದ ಮುಂದಕ್ಕೆ ಮಾಡಿಕೊಂಡು ಎರಡೂವರೆ ಗಂಟೆ ಚಿತ್ರ ನೋಡಿ, ಅರ್ಧ ಗಂಟೆ ಮಾತನಾಡಿದರೆ ಮನೆಯ ಮರ್ಯಾದೆಗೆ ಕುಂದಿಲ್ಲ. ತಿಂಗಳಿಗೊಂದು ರಾತ್ರಿ ಮೊಮ್ಮಕ್ಕಳನ್ನು ತಮ್ಮ ಪಕ್ಕದಲ್ಲಿ ಮಲಗಿಸಿಕೊಳ್ಳುವುದು ಅಜ್ಜ ಅಜ್ಜಿಯರಿಗೆ ಭಾರವಾಗದು. ಒಳಗಿನಿಂದ ಏರಿದ ದನಿ ಕೇಳಿಬಂದರೂ ಗಾಬರಿಪಡಬೇಕಾಗಿಲ್ಲ. ಅವರು ವಾದಿಸುತ್ತಿರುವುದು ರಾಜೀವನ ಪರವಾಗಿಯೋ ಕಾವೇರಿಯ ಪರವಾಗಿಯೋ ಇರಬಹುದು. ಬೆಳಗಾದ ಮೇಲೆ ಏನು ಮಾತೆಂದು ಕೆದಕಿ ಕೇಳದಿದ್ದರೆ ಸಾಕು.